ಗುಂಡಿಯ ಹೊಸ ವಿಳಾಸ

ಮಹಿಳಾ ಕಾರಾಗೃಹ
ಜನವರಿ ೮

ಅಕ್ಕನಿಗೆ,

ಲಕೋಟೆಯ ಮೇಲಿನ ಮುದ್ರೆ ನೋಡಿಯೂ ನೀನು ಇದನ್ನು ಹರಿದು ಹಾಕದಿದ್ದರೆ ಅರ್ಧ ಗೆದ್ದ ಹಾಗೆ. ಮೊದಲು ಕ್ಷೇಮ ಸಮಾಚಾರ ಬರೆಯಬೇಕು, ಆದರೆ ಜೈಲಿನಲ್ಲಿ ಕೂತು ಕ್ಷೇಮ ಎಂದರೆ ನೀನು ನಗುತ್ತೀಯ. ಆದರೂ ಅದು ಪೂರ್ತಿ ಸುಳ್ಳಲ್ಲ. ಹೊಲಿಗೆ ವಿಭಾಗದಲ್ಲಿ ಕೆಲಸ ಕೊಟ್ಟಿದ್ದಾರೆ. ಆಸ್ಪತ್ರೆಗಳಿಗೆ ದಿಂಬಿನ ಚೀಲ, ರೋಗಿಗಳ ಅಂಗಿ ಹೊಲಿಯುತ್ತೇವೆ. ಕತ್ತರಿಗಳನ್ನು ಮೇಜಿಗೆ ಸರಪಳಿ ಹಾಕಿ ಕಟ್ಟಿದ್ದಾರೆ, ನಮ್ಮನ್ನು ಕಟ್ಟಿಲ್ಲ.

ಈ ಕಾಗದ ನನಗಾಗಿ ಅಲ್ಲ. ಒಳಗೆ ಬಂದಾಗ ನಾನು ಬಸುರಿ. ಅದು ನಿನಗೆ ಗೊತ್ತಿರಲಿಕ್ಕಿಲ್ಲ. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಬೆಳೆದಳು. ಅಂಬೆಗಾಲಿಡುವಾಗ ಹೊಲಿಗೆ ಮೇಜುಗಳ ಕೆಳಗೆ ನುಸುಳಿ, ಬಿದ್ದ ಅಂಗಿ ಗುಂಡಿಗಳನ್ನೆಲ್ಲ ಹೆಕ್ಕಿ ತರುತ್ತಿದ್ದಳು. ಒಂದೆರಡನ್ನು ನುಂಗಿಯೂ ಇದ್ದಾಳೆ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗುಂಡಿ.

ಏಪ್ರಿಲ್‌ನಲ್ಲಿ ಅವಳಿಗೆ ಆರು ತುಂಬುತ್ತದೆ. ಆರು ತುಂಬಿದ ಮಕ್ಕಳು ಒಳಗೆ ಇರುವ ಹಾಗಿಲ್ಲ. ಸಂಬಂಧಿಕರು ಯಾರಾದರೂ ಕರೆದೊಯ್ಯಬೇಕು, ಇಲ್ಲವಾದರೆ ಸರ್ಕಾರಿ ಮಕ್ಕಳ ಮನೆಗೆ ಹೋಗಬೇಕು. ಅಲ್ಲಿಂದ ಮಕ್ಕಳನ್ನು ಬೇರೆ ಊರುಗಳಿಗೂ ಸಾಗಿಸುತ್ತಾರಂತೆ. ಹೊರಗೆ ಹೋದ ತಾಯಂದಿರು ಮಗು ಎಲ್ಲಿದೆ ಎಂದು ಕಚೇರಿ ಕಚೇರಿ ಅಲೆದದ್ದನ್ನು ಕೇಳಿದ್ದೇನೆ.

ನನ್ನ ಶಿಕ್ಷೆ ಇನ್ನೂ ನಾಲ್ಕು ವರ್ಷ ಇದೆ. ವಕೀಲರು ಮೇಲ್ಮನವಿ ಹಾಕಿದ್ದಾರೆ, ಅದು ಯಾವ ಕಪಾಟಿನಲ್ಲಿ ಮಲಗಿದೆಯೋ. ನಿನ್ನನ್ನು ಬಿಟ್ಟರೆ ನನಗೆ ಕೇಳಲು ಬೇರೆ ಯಾರೂ ಇಲ್ಲ.

ತಂಗಿ

*

ಬಸ್ ಡಿಪೋ ಹಿಂದಿನ ಬೀದಿ
ಜನವರಿ ೩೦

ನಿನ್ನ ಕಾಗದ ಬಂತು. ಹರಿಯಲಿಲ್ಲ. ಡ್ಯೂಟಿ ಚೀಲದಲ್ಲಿ ಹಾಕಿಕೊಂಡು ಇಷ್ಟು ದಿನ ತಿರುಗಿದೆ.

ನಾನು ಈಗಲೂ ಅದೇ ಕಂಡಕ್ಟರ್. ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಬೆಳಗಿನ ಪಾಳಿ ಇದ್ದರೆ ಕಾಗೆ ಕೂಗುವ ಮುಂಚೆ ಎದ್ದು ಓಡಬೇಕು. ಮಕ್ಕಳನ್ನು ಸಾಕಿ ನನಗೆ ಗೊತ್ತಿಲ್ಲ. ಅಮ್ಮ ಹೋದ ಮೇಲೆ ಸಾಕಿದ್ದು ನಿನ್ನನ್ನೊಬ್ಬಳನ್ನೇ, ಅದರ ಚೆಂದ ಕಣ್ಣೆದುರಿಗೇ ಇದೆ.

ಅವನನ್ನು ಕಟ್ಟಿಕೊಳ್ಳಬೇಡ ಎಂದು ಬಾಯಿ ನೋಯುವಷ್ಟು ಹೇಳಿದೆ. ನಿನಗೆ ಆಗ ನಾನೇ ಶತ್ರು. ಅವನು ಅಟ್ಟದ ಮೇಲೆ ಮಾದಕ ಪುಡಿಯ ಮೂಟೆ ಪೇರಿಸಿದ, ಪೊಲೀಸರು ಬಂದ ದಿನ ಹಿಂದಿನ ಗೋಡೆ ಹಾರಿ ಮಾಯವಾದ, ಸಿಕ್ಕಿಬಿದ್ದವಳು ನೀನು. ಮೂಟೆಯಲ್ಲಿ ಏನಿದೆ ಎಂದು ನಿನಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಿಲ್ಲ. ಇನ್ನು ಕೇಳುವುದೂ ಇಲ್ಲ.

ಮಗುವನ್ನು ಮಕ್ಕಳ ಮನೆಗೇ ಕಳಿಸು. ಅಲ್ಲಿ ಹೊತ್ತಿಗೆ ಸರಿಯಾಗಿ ಊಟವಾದರೂ ಸಿಗುತ್ತದೆ. ನನ್ನನ್ನು ನಂಬಿಕೊಂಡರೆ ಅದಕ್ಕೂ ಗ್ಯಾರಂಟಿ ಇಲ್ಲ.

ಇಂತಿ,
ನಿನ್ನ ಒಡಹುಟ್ಟಿದವಳು

*

ಮಹಿಳಾ ಕಾರಾಗೃಹ
ಫೆಬ್ರವರಿ ೧೬

ಅಕ್ಕ,

ಉತ್ತರ ಬರೆದೆಯಲ್ಲ, ಸಂತೋಷ. ನಮ್ಮ ಕಾಗದಗಳನ್ನು ಒಡೆದು ಓದುವುದಕ್ಕೆ ಒಬ್ಬರು ವಾರ್ಡರ್ ಮೇಡಂ ಇದ್ದಾರೆ. ನಿನ್ನದನ್ನು ಕೊಡುವಾಗ, "ನಿಮ್ಮಕ್ಕ ಭಾರಿ ಖಡಕ್ ಕಣಮ್ಮಾ. ಆದ್ರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ," ಎಂದರು.

ಮತ್ತೆ ಮತ್ತೆ ಕೇಳಿ ನಿನ್ನನ್ನು ಪೀಡಿಸುವುದಿಲ್ಲ. ಅವಳ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ, ಅಷ್ಟೆ. ಸಂಜೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಾರಲ್ಲ, ಆಗ ಗುಂಡಿ ಮೇಡಂ ಹಿಂದೆಯೇ ಕೈಕಟ್ಟಿಕೊಂಡು ಹೋಗುತ್ತಾಳೆ. ಸಾಲು ಸೊಟ್ಟಗಿದ್ದರೆ ನನ್ನನ್ನೂ ಗದರಿಸುತ್ತಾಳೆ. ನೀನು ಕಂಡಕ್ಟರ್ ಎಂದು ಹೇಳಿದೆ. ಬಸ್ಸೆಂದರೆ ಏನು ಎಂದಳು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬಸ್ಸು ಬರೆದು ತೋರಿಸಿದೆ. ಅದರೊಳಗೆ ಎಲ್ಲರನ್ನೂ ಕೂರಿಸಿ, ಜಾಗ ಸಾಲದೆ ಜಗಳವಾಯಿತು. ಆಮೇಲೆ ಕೇಳಿದಳು: "ದೊಡ್ಡಮ್ಮ ಅಂದ್ರೆ ಎಷ್ಟು ದೊಡ್ಡೋಳು? ಬಸ್ಸಿನಷ್ಟಾ?"

ಮಕ್ಕಳ ಮನೆಯವರು ಮುಂದಿನ ತಿಂಗಳು ಬಂದು ನೋಡಿಕೊಂಡು ಹೋಗುತ್ತಾರಂತೆ. ನಾನು ಅವಳ ಬಟ್ಟೆಗಳ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದೇನೆ.

ನಿನ್ನ ತಂಗಿ

*

ಬಸ್ ಡಿಪೋ ಹಿಂದಿನ ಬೀದಿ
ಮಾರ್ಚ್ ೨೦

ತಂಗಿಗೆ,

ವಾರದ ರಜೆಯ ದಿನ ಆ ಮಕ್ಕಳ ಮನೆಗೆ ಹೋಗಿದ್ದೆ. ಸುಮ್ಮನೆ, ನೋಡೋಣವೆಂದು. ಕೆಟ್ಟದ್ದೇನೂ ಕಾಣಲಿಲ್ಲ, ಸುಳ್ಳು ಯಾಕೆ ಹೇಳಲಿ? ಗುಡಿಸಿ ಒರೆಸಿ ಇಟ್ಟಿದ್ದಾರೆ. ಅಲ್ಲಿನ ಆಯಾಗಳೂ ಒಳ್ಳೆಯವರೇ, ಪಾಪ, ಕೈ ಸಾಲದೆ ಒದ್ದಾಡುತ್ತಾರೆ.

ಹೊರಡುವಾಗ ಒಂದು ಪುಟ್ಟ ಹುಡುಗಿ ಬಂದು ನನ್ನ ಸೀರೆ ಹಿಡಿದುಕೊಂಡಿತು. "ನೀವು ನಮ್ಮಮ್ಮನಾ?" ಎಂದಿತು. ಅಲ್ಲ ಕಂದಾ ಎಂದೆ. "ಸರಿ" ಎಂದು ಕೈ ಬಿಟ್ಟು, ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಹೆಂಗಸನ್ನು ಕೇಳಲು ಹೋಯಿತು. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಆ "ಸರಿ" ಇದೆಯಲ್ಲ, ಅದು ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಗುಂಡಿ ಬರಲಿ. ಬೇಸಿಗೆ ರಜೆ ಮುಗಿಯುವವರೆಗೆ ಮಾತ್ರ. ಆಮೇಲೆ ಬೇರೆ ಏರ್ಪಾಡು ನೋಡಬೇಕು, ಈಗಲೇ ಹೇಳಿದ್ದೇನೆ. ದೊಡ್ಡಮ್ಮ ಬಸ್ಸಿನಷ್ಟು ದೊಡ್ಡವಳಲ್ಲ ಎಂದು ಅವಳಿಗೆ ಮೊದಲೇ ತಿಳಿಸಿಬಿಡು.

ಇದನ್ನು ಓದುತ್ತಿರುವ ಮೇಡಂ ಅವರಿಗೆ: ಅಕ್ಷರ ಮೆಚ್ಚಿದ್ದಕ್ಕೆ ಥ್ಯಾಂಕ್ಸ್. ಲಕೋಟೆಗೆ ಮತ್ತೆ ಅಂಟು ಹಚ್ಚುವಾಗ ಸ್ವಲ್ಪ ಕೈ ಬಿಗಿ ಹಿಡಿಯಿರಿ, ಹೋದ ಸಲ ಅರ್ಧ ಕಾಗದ ಅದಕ್ಕೇ ಅಂಟಿಕೊಂಡಿತ್ತು.

ಅಕ್ಕ

*

ಬಸ್ ಡಿಪೋ ಹಿಂದಿನ ಬೀದಿ
ಏಪ್ರಿಲ್ ೨೮

ತಂಗಿಗೆ,

ನಿನ್ನ ಮಗಳು ನನ್ನ ಬುದ್ಧಿ ಕೆಡಿಸುತ್ತಿದ್ದಾಳೆ. ಬಸ್ಸಿನಲ್ಲಿ ಕರೆದುಕೊಂಡು ಬರುವಾಗ ಚೆನ್ನಾಗಿಯೇ ಇದ್ದಳು. ದಾರಿಯಲ್ಲಿ ನಾಯಿ ಕಂಡರೆ ಎದ್ದು ನಿಂತು ಇಡೀ ಬಸ್ಸಿಗೆ ತೋರಿಸುತ್ತಿದ್ದಳು. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ.

ಬಚ್ಚಲುಮನೆ ಎಲ್ಲಿದೆ ಎಂದು ತೋರಿಸಿದ್ದೇನೆ. ಆದರೂ ಹೋಗಿ ಬಾಗಿಲ ಮುಂದೆ ನಿಂತುಬಿಡುತ್ತಾಳೆ. ಒಳಗೆ ಹೋಗುವುದಿಲ್ಲ, ಕರೆಯುವುದಿಲ್ಲ, ಕೊನೆಗೆ ನಿಂತಲ್ಲೇ ಲಂಗ ಒದ್ದೆ. ಒಂದು ಸಲವಲ್ಲ, ದಿನಾ ಇದೇ ಗೋಳು. ಮೊನ್ನೆ ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ನೀರು ತರಲು ಹೋದೆ. ಬಂದು ನೋಡಿದರೆ ಒಳಗೆ ಬಾಗಿಲಿಗೆ ಮೂಗು ತಾಗಿಸಿಕೊಂಡು ನಿಂತಿದ್ದಾಳೆ. ಕೆಳಗಿನ ಮನೆಯಲ್ಲಿ ನಿವೃತ್ತಿಯಾದ ನರ್ಸಮ್ಮ ಇದ್ದಾರೆ, ಅವರು ಮೆತ್ತಗೆ ಕೇಳಿದರು: "ಮಗೂಗೆ ಬುದ್ಧಿ ಸ್ವಲ್ಪ ನಿಧಾನಾನಾ?"

ನಿನ್ನೆ ತಾಳ್ಮೆ ಕೆಟ್ಟು ಜೋರಾಗಿ ಗದರಿಸಿದೆ. ಅಳಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತಳು. ಅದನ್ನು ನೋಡಿ ನನಗೇ ಅಳು ಬಂತು. ಏನು ಮಾಡಲಿ, ಬೇಗ ಬರೆ.

ಅಕ್ಕ

*

ಮಹಿಳಾ ಕಾರಾಗೃಹ
ಮೇ ೬

ಅಕ್ಕ,

ಅವಳ ಬುದ್ಧಿಗೆ ಏನೂ ಆಗಿಲ್ಲ. ಅವಳಿಗೆ ಬಾಗಿಲು ತೆಗೆಯಲು ಬರುವುದಿಲ್ಲ.

ಹುಟ್ಟಿದಾಗಿನಿಂದ ಒಂದು ಬಾಗಿಲನ್ನೂ ಅವಳು ತೆಗೆದಿಲ್ಲ. ಇಲ್ಲಿ ಅದು ಬೀಗದ ಕೈ ಇದ್ದವರ ಕೆಲಸ. ಮುಚ್ಚಿದ ಬಾಗಿಲನ್ನು ತಳ್ಳಬಾರದು, ಬಡಿಯಬಾರದು, ಸುಮ್ಮನೆ ನಿಂತಿದ್ದರೆ ಹೊತ್ತಾದಾಗ ಅವರೇ ಬಂದು ತೆಗೆಯುತ್ತಾರೆ. ಜಾಣೆ ಹುಡುಗಿ ಹಾಗೆ ನಿಲ್ಲಬೇಕು ಎಂದು ನಾನೇ ಕಲಿಸಿದ್ದು. ನಮ್ಮ ಬಚ್ಚಲಿಗಂತೂ ಬಾಗಿಲೇ ಇಲ್ಲ, ಅರ್ಧ ಗೋಡೆ ಅಷ್ಟೆ. ಅವಳು ನಿನ್ನ ಮನೆಯಲ್ಲಿ ಹಟ ಮಾಡುತ್ತಿಲ್ಲ ಅಕ್ಕ, ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದಾಳೆ.

ಹೋಗುವಾಗ ಎಷ್ಟೊಂದು ಹೇಳಿ ಕಳಿಸಿದೆ. ರಸ್ತೆ ದಾಟುವಾಗ ದೊಡ್ಡಮ್ಮನ ಕೈ ಹಿಡಿದುಕೋ, ಗಂಡಸರನ್ನು ಕಂಡರೆ ಹೆದರಬೇಡ, ಒಲೆ ಮುಟ್ಟಬೇಡ. ಬಾಗಿಲು ತೆಗೆಯುವುದನ್ನೂ ಹೇಳಿಕೊಡಬೇಕು ಎಂದು ಹೊಳೆಯಲೇ ಇಲ್ಲ. ನನಗೇ ಮರೆತುಹೋಗಿದೆ.

ಈ ಕಾಗದ ನಿನಗೆ ತಲುಪುವಷ್ಟರಲ್ಲಿ ಅವಳು ಇನ್ನೆಷ್ಟು ಸಲ ಹಾಗೆ ನಿಂತಿರುತ್ತಾಳೋ. ಗದರಿಸಿದೆನೆಂದು ನೀನು ನೊಂದುಕೊಳ್ಳಬೇಡ. ಯಾರಿಗೆ ತಾನೇ ಗೊತ್ತಾಗುತ್ತಿತ್ತು?

ತಂಗಿ

*

ಬಸ್ ಡಿಪೋ ಹಿಂದಿನ ಬೀದಿ
ಜೂನ್ ೨೪

ತಂಗಿಗೆ,

ನಿನ್ನ ಕಾಗದ ಓದಿ ಅವತ್ತು ಡ್ಯೂಟಿಗೆ ರಜೆ ಹಾಕಿದೆ. ಇಡೀ ದಿನ ನಾವಿಬ್ಬರೂ ಬಾಗಿಲು ತೆಗೆದೆವು, ಹಾಕಿದೆವು. ಮೊದಲು ನನ್ನ ಮುಖ ನೋಡಿ, ಒಂದು ಬೆರಳಿಂದ ತಳ್ಳಿದಳು. ಬಾಗಿಲು ಸರಿದಾಗ ಬೆಚ್ಚಿ ಹಿಂದಕ್ಕೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಧೈರ್ಯ ಬಂತು, ಸಂಜೆಗೆ ಅಧಿಕಾರವೇ ಬಂದುಬಿಟ್ಟಿತು. ಕೆಳಗಿನಿಂದ ನರ್ಸಮ್ಮ, "ಏನ್ರೀ ಅದು, ಮನೆ ಕೆಡವ್ತಿದ್ದೀರಾ?" ಎಂದು ಕೂಗಿದರು. ವಿಷಯ ಹೇಳಿದೆ. ಮೆಟ್ಟಿಲ ಬುಡಕ್ಕೆ ಬಂದು ಗುಂಡಿಯನ್ನು ನೋಡಿದರು. ಆಮೇಲೆ, "ನಮ್ಮನೇಲೂ ಬಾಗಿಲಿದೆ, ಕಳಿಸಿ," ಎಂದರು.

ಈಗ ಬೆಳಗಿನ ಪಾಳಿಯ ದಿನ ಗುಂಡಿ ಅವರ ಹತ್ತಿರ ಇರುತ್ತಾಳೆ. ಮಧ್ಯಾಹ್ನದ ಪಾಳಿಯಾದರೆ ಸಂಜೆ ನರ್ಸಮ್ಮನೇ ಡಿಪೋಗೆ ಕರೆತರುತ್ತಾರೆ. ಅಲ್ಲಿ ಡ್ಯೂಟಿ ಮುಗಿಸಿ ಬಂದ ಡ್ರೈವರ್, ಕಂಡಕ್ಟರ್‌ಗಳು ಸಹಿ ಹಾಕಲು ಸಾಲಾಗಿ ನಿಂತಿರುತ್ತೇವಲ್ಲ, ಮೊದಲ ದಿನವೇ ಬಂದು ಕೈಕಟ್ಟಿಕೊಂಡು ಎಲ್ಲರನ್ನೂ ಎಣಿಸಿದಳು. "ಒಬ್ರು ಕಮ್ಮಿ ಇದ್ದಾರೆ" ಎಂದಳು. ನೋಡಿದರೆ ನಿಜಕ್ಕೂ ಒಬ್ಬ ಡ್ರೈವರ್ ಬಸ್ಸಿನಲ್ಲೇ ನಿದ್ದೆ ಹೊಡೆಯುತ್ತಿದ್ದ. ಅಂದಿನಿಂದ ಡಿಪೋದವರಿಗೆಲ್ಲ ಅವಳು ಇನ್ಸ್‌ಪೆಕ್ಟರ್.

ಶಾಲೆಗೆ ಸೇರಿಸಿದ್ದೇನೆ. ಬೇಸಿಗೆ ರಜೆ ಮುಗಿಯಿತಲ್ಲ ಎಂದು ನೀನು ಕೇಳಬೇಡ, ನಾನೂ ಹೇಳುವುದಿಲ್ಲ.

ಒಂದು ಚಿಂತೆ ಇದೆ. ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಸರ್ಕಾರಿ ಮಕ್ಕಳ ಸಮಿತಿಯ ಮೇಡಂ ಮನೆ ನೋಡಲು ಬರುತ್ತಾರಂತೆ. ಒಂಟಿ ಹೆಂಗಸು, ಪಾಳಿ ಕೆಲಸ, ಒಂದೇ ಕೋಣೆ. ಸರಿಯಿಲ್ಲ ಎಂದು ಅವರು ಬರೆದರೆ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಹೋದ ಜನವರಿಯಲ್ಲಿ ನಾನೇ ನಿನಗೆ ಹೇಳಿದ ಮಾತುಗಳು ಇವು.

ಅಕ್ಕ

*

ಮಹಿಳಾ ಕಾರಾಗೃಹ
ಜುಲೈ ೯

ಅಕ್ಕ,

ಸಮಿತಿಯವರು ಬಂದರೋ? ಏನಂದರು? ಇಲ್ಲಿ ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ. ನನ್ನ ಪಕ್ಕದ ಯಂತ್ರದವಳು ಯೋಚನೆಯಲ್ಲಿ ರೋಗಿಯ ಅಂಗಿಗೆ ಮೂರು ತೋಳು ಹೊಲಿದಿಟ್ಟಿದ್ದಾಳೆ.

ತಂಗಿ

*

ಬಸ್ ಡಿಪೋ ಹಿಂದಿನ ಬೀದಿ
ಆಗಸ್ಟ್ ೫

ತಂಗಿಗೆ,

ಬಂದಿದ್ದರು. ನಾನು ಕೋಣೆಯನ್ನು ತಿಕ್ಕಿ ತಿಕ್ಕಿ ನೆಲದ ಬಣ್ಣವೇ ಹೋಗಿತ್ತು. ಸಮಿತಿಯ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮುಖ ಮಾತ್ರ ಗಂಟು. ಎಲ್ಲ ನೋಡಿ, "ಬೆಳಗಿನ ಪಾಳಿ ಇದ್ದಾಗ ಮಗೂನ ಯಾರು ಎಬ್ಬಿಸ್ತಾರೆ?" ಎಂದರು.

ನಾನು ಬಾಯಿ ತೆಗೆಯುವ ಮೊದಲೇ ನರ್ಸಮ್ಮ ಮೆಟ್ಟಿಲು ಹತ್ತಿ ಬಂದರು. ಕರೆದಿರಲಿಲ್ಲ. "ನಾನು ಎಬ್ಬಿಸ್ತೀನಿ. ಜಡೆ ಹಾಕ್ತೀನಿ. ಶಾಲೆಗೆ ಬಿಡ್ತೀನಿ. ಇನ್ನೇನು ಕೇಳ್ಬೇಕಿತ್ತು?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಆ ಮೇಡಂ ಪಾಪ, ಇಂಜೆಕ್ಷನ್ ಕಂಡ ಮಗುವಿನ ಹಾಗೆ ತೆಪ್ಪಗಾದರು.

ಆಮೇಲೆ ಗುಂಡಿಯನ್ನು ಹತ್ತಿರ ಕರೆದು ಕೇಳಿದರು: "ಅಮ್ಮನ ಹತ್ರ ಇದ್ದದ್ದು ಇಷ್ಟನಾ, ಇಲ್ಲಿರೋದು ಇಷ್ಟನಾ?" ಎಂಥ ಪ್ರಶ್ನೆ ನೋಡು. ಇವಳು ಯೋಚನೆ ಮಾಡಿ ಹೇಳಿದಳು: "ಅಲ್ಲಿ ಜನ ಜಾಸ್ತಿ. ಇಲ್ಲಿ ದೊಡ್ಡಮ್ಮ ಜಾಸ್ತಿ." ಆ ಗಂಟು ಮುಖ ಆಗ ಸಡಿಲಾಯಿತು.

ನಿನ್ನೆ ಆದೇಶ ಬಂತು. ನಿನ್ನ ಬಿಡುಗಡೆಯಾಗುವವರೆಗೆ ಮಗು ನನ್ನ ಹತ್ತಿರವೇ ಇರಬಹುದು. ಆ ಮೂರು ತೋಳಿನ ಅಂಗಿ ಬಿಚ್ಚಿಸಬೇಡ, ಯಾರಿಗಾದರೂ ಬೇಕಾದೀತು.

ಅಕ್ಕ

*

ಮಹಿಳಾ ಕಾರಾಗೃಹ
ಅಕ್ಟೋಬರ್ ೧೪

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಮೇಲ್ಮನವಿ ಎದ್ದಿತು! ನ್ಯಾಯಾಲಯ ಶಿಕ್ಷೆ ಕಡಿಮೆ ಮಾಡಿದೆ. ಡಿಸೆಂಬರ್‌ನಲ್ಲಿ ಬಿಡುತ್ತಾರಂತೆ. ವಕೀಲರು ಹೇಳಿದಾಗ ನನಗೆ ಅರ್ಥವಾಗದೆ, "ಯಾವ ವರ್ಷದ ಡಿಸೆಂಬರ್?" ಎಂದು ಕೇಳಿದೆ. ಇಲ್ಲಿ ಎಲ್ಲರೂ ಸೇರಿ ಕುಣಿದಾಡಿದರು. ಓದುವ ಮೇಡಂ ನೋಡಿಯೂ ನೋಡದ ಹಾಗೆ ಗೋಡೆ ಕಡೆ ತಿರುಗಿ ನಿಂತರು.

ಆದೇಶ ಬಂದ ಮೇಲೆ ತಿಂಗಳಿಗೊಮ್ಮೆ ನರ್ಸಮ್ಮನ ಜೊತೆ ಭೇಟಿಗೆ ಬರುತ್ತಿದ್ದ ಗುಂಡಿ ಈ ತಿಂಗಳು ಬರಲಿಲ್ಲವಲ್ಲ. ಶಾಲೆಯಲ್ಲಿ ಓಟದ ಸ್ಪರ್ಧೆ ಇತ್ತು ಎಂದು ನೀನು ಹೇಳಿ ಕಳಿಸಿದೆ. ಅವತ್ತು ಮುನಿಸಿಕೊಂಡು ಊಟ ಬಿಟ್ಟೆ. ಮಾರನೆಯ ದಿನ ನಾಚಿಕೆಯಾಯಿತು. ನನ್ನ ಮಗಳಿಗೆ ಓಡಲು ಅಷ್ಟು ದೊಡ್ಡ ಜಾಗ ಸಿಕ್ಕಿದೆ, ನಾನು ಅನ್ನದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೇನೆ. ಗೆದ್ದಳೋ?

ತಂಗಿ

*

ಬಸ್ ಡಿಪೋ ಹಿಂದಿನ ಬೀದಿ
ನವೆಂಬರ್ ೨

ತಂಗಿಗೆ,

ವಿಷಯ ತಿಳಿದು ಸಂತೋಷವಾಯಿತು. ಓಟದಲ್ಲಿ ಗೆಲ್ಲಲಿಲ್ಲ. ಆರೋಗ್ಯವಾಗಿದ್ದಾಳೆ. ಮಗುವಿನ ಬಟ್ಟೆ, ಪುಸ್ತಕ ಎಲ್ಲ ಒಂದು ಕಡೆ ಜೋಡಿಸಿ ಇಡುತ್ತಿದ್ದೇನೆ.

ಅಕ್ಕ

*

ಮಹಿಳಾ ಕಾರಾಗೃಹ
ನವೆಂಬರ್ ೧೨

ಅಕ್ಕ,

ಇದೇನು ಕಾಗದವೋ, ಸರ್ಕಾರಿ ನೋಟೀಸೋ? ಓದುವ ಮೇಡಂ ಕೂಡ, "ನಿಮ್ಮಕ್ಕನಿಗೆ ಮೈ ಹುಷಾರಿಲ್ವಾ? ಬೈಗುಳಾನೇ ಇಲ್ಲ ಇದರಲ್ಲಿ," ಎಂದರು.

ಬಟ್ಟೆ ಯಾಕೆ ಜೋಡಿಸುತ್ತಿದ್ದೀಯ? ಯಾರು ಕೇಳಿದರು? ನನ್ನ ಮೇಲೆ ಸಿಟ್ಟಿದ್ದರೆ ಉಗಿದು ಬರೆ, ತಡೆದುಕೊಳ್ಳುತ್ತೇನೆ. ಹೀಗೆ ತಣ್ಣಗೆ ಬರೆದರೆ ನನಗೆ ಆಗುವುದಿಲ್ಲ.

ತಂಗಿ

*

ಬಸ್ ಡಿಪೋ ಹಿಂದಿನ ಬೀದಿ
ನವೆಂಬರ್ ೨೩

ತಂಗಿ,

ಮೇಡಂ, ದಯವಿಟ್ಟು ಇದೊಂದನ್ನು ಬೇಗ ಬೇಗ ಓದಿ ಮುಗಿಸಿ, ನನಗೆ ಸಂಕೋಚ.

ಓಟದ ದಿನ ಗುಂಡಿ ಮಧ್ಯದಲ್ಲಿ ಎಡವಿ ಬಿದ್ದಳು. ಮೊಣಕಾಲು ತರಚಿಹೋಯಿತು. ಎದ್ದು, ಜನರ ನಡುವೆ ನನ್ನನ್ನು ಹುಡುಕುತ್ತಾ, "ಅಮ್ಮಾ" ಎಂದು ಕೂಗಿಕೊಂಡು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ದೊಡ್ಡಮ್ಮ ಎನ್ನಲಿಲ್ಲ. ನಾನು ತಿದ್ದಲಿಲ್ಲ. ಆಮೇಲೆ ಒಂದೆರಡು ಸಲ ಹಾಗೇ ಕರೆದಳು, ಆಗಲೂ ತಿದ್ದಲಿಲ್ಲ.

ಅದಾದ ಮೇಲೆ ನಿನ್ನ ಕಾಗದ ಬಂತು. ನೀನು ಬಿಡುಗಡೆಯಾಗುತ್ತೀ ಎಂದು ಓದಿದಾಗ ನನಗೆ ಮೊದಲು ಆದದ್ದು ಸಂತೋಷವಲ್ಲ. ಗುಂಡಿ ಹೋಗಿಬಿಡುತ್ತಾಳೆ ಎಂಬ ಭಯ. ಒಡಹುಟ್ಟಿದ ತಂಗಿ ಹೊರಗೆ ಬರುತ್ತಾಳೆಂದರೆ ಹೀಗಾಗುವುದೇ? ಗುಂಡಿಯನ್ನು ಬೇಡವೆಂದು ಬರೆದವಳು ನಾನು. ಈಗ ಅವಳು ಮಲಗಿದ ಮೇಲೆ ಬಟ್ಟೆ ಮಡಚಿಡಲು ಕೂರುತ್ತೇನೆ, ಒಂದು ಲಂಗ ಮಡಚುವಷ್ಟರಲ್ಲಿ ಎದ್ದುಬಿಡುತ್ತೇನೆ.

ಮಗು ನಿನ್ನದು. ಅದರಲ್ಲಿ ಎರಡು ಮಾತಿಲ್ಲ. ನೀನು ಬಂದು ಕರೆದುಕೊಂಡು ಹೋದರೆ ನಾನು ತಡೆಯುವುದಿಲ್ಲ. ಆದರೆ ನಗುನಗುತ್ತಾ ಕಳಿಸಿಕೊಡುತ್ತೇನೆ ಎಂದು ಮಾತು ಕೊಡಲಾರೆ.

ಅಕ್ಕ

*

ಮಹಿಳಾ ಕಾರಾಗೃಹ
ಡಿಸೆಂಬರ್ ೧

ಅಕ್ಕ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ನಗು ಬಂತು, ಅದಕ್ಕೆ ಕಾರಣ ಹೇಳುತ್ತೇನೆ ಕೇಳು.

ಗುಂಡಿಗೆ ಇಲ್ಲಿ ನಾನೊಬ್ಬಳೇ ಅಮ್ಮನಾಗಿದ್ದೆ ಎಂದುಕೊಂಡೆಯಾ? ನನಗೆ ಹಾಲು ಬತ್ತಿದಾಗ ಪಕ್ಕದ ಹಾಸಿಗೆಯವಳು ಎದೆಗೆ ಹಾಕಿಕೊಂಡಳು. ಅವಳು ಹಾಲಮ್ಮ. ಅಡುಗೆಮನೆಯಲ್ಲಿ ಬೆಲ್ಲ ಕದ್ದು ಕೊಡುತ್ತಿದ್ದವಳು ಬೆಲ್ಲದಮ್ಮ. ಜ್ವರ ಬಂದಾಗ ಹೆಗಲಿನಿಂದ ಇಳಿಸದೆ ತಿರುಗಿದವಳು ಉದ್ದಮ್ಮ. ಬೀಗ ಹಾಕುವ ವಾರ್ಡರ್ ಕೂಡ ಅವಳಿಗೆ ಕೀಲಿಯಮ್ಮ. ಮೊದಮೊದಲು ನನಗೂ ಹೊಟ್ಟೆಯುರಿ. ಹೆತ್ತವಳು ನಾನು, ಇವರದ್ದೇನು ಎಂದು ಜಗಳವಾಡಿದ್ದೂ ಇದೆ. ಆಗ ಉದ್ದಮ್ಮ ಹೇಳಿದ್ದಳು: "ನೀನೊಬ್ಬಳೇ ಸಾಕು ಅನ್ನೋ ಹಾಗಿದ್ರೆ ನಾವೂ ಆರಾಮಾಗಿ ಮಲಗ್ತಿದ್ವಲ್ಲೇ." ನಿಜ, ನಾನೊಬ್ಬಳೇ ಆಗಿದ್ದರೆ ಈ ಮಗು ಉಳಿಯುತ್ತಿರಲಿಲ್ಲ.

ಅಷ್ಟು ಅಮ್ಮಂದಿರನ್ನು ಬಿಟ್ಟು ಬಂದ ಹುಡುಗಿ ಅವಳು. ನಿನ್ನ ಮನೆಗೆ ಬಂದ ಮೇಲೆ ಪಾಪ ಬಡವಳಾಗಿದ್ದಾಳೆ. ಅವಳು ನಿನ್ನನ್ನು ಅಮ್ಮ ಎಂದದ್ದು ಬಾಯಿ ತಪ್ಪಿ ಅಲ್ಲ. ಯಾರನ್ನು ಹಾಗೆ ಕರೆಯಬೇಕು ಎಂದು ಅವಳಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ತಿದ್ದಬೇಡ.

ನಾನು ಅವಳನ್ನು ಕರೆದುಕೊಂಡು ಹೋಗಲು ಬರುತ್ತಿಲ್ಲ ಅಕ್ಕ. ಎಲ್ಲಿಗೆ ಕರೆದೊಯ್ಯಲಿ? ಅವಳ ಶಾಲೆ, ನರ್ಸಮ್ಮ, ಡಿಪೋ ಎಲ್ಲ ಅಲ್ಲಿದೆ. ಅವಳಿರುವಲ್ಲಿಗೆ ನಾನು ಬರಬೇಕು. ಬಿಡುಗಡೆಗೆ ಮುಂಚೆ, ಹೊರಗೆ ಹೋಗಿ ಎಲ್ಲಿರುತ್ತೀ ಎಂದು ವಿಳಾಸ ಕೇಳುತ್ತಾರೆ. ನಾನಿನ್ನೂ ಹೇಳಿಲ್ಲ. ನಿನಗೆ ಕಷ್ಟವಾದರೆ ಅದೇ ಬೀದಿಯಲ್ಲಿ ಎಲ್ಲಾದರೂ ಒಂದು ಮೂಲೆ ಹುಡುಕಿಕೊಳ್ಳುತ್ತೇನೆ. ಒಂದೇ ಕೋಣೆ ಎಂದು ನೀನು ಬರೆದಿದ್ದೆ, ಅದಕ್ಕೇ ಕೇಳುತ್ತಿದ್ದೇನೆ. ನಾನು ಏನೆಂದು ಹೇಳಲಿ?

ನಿನ್ನ ತಂಗಿ

*

ಬಸ್ ಡಿಪೋ ಹಿಂದಿನ ಬೀದಿ
ಡಿಸೆಂಬರ್ ೯

ಮುದ್ದು ತಂಗಿಗೆ,

ಅಕ್ಕನ ಮನೆಗೆ ಬರಲು ಅರ್ಜಿ ಹಾಕುತ್ತೀಯಲ್ಲೇ, ಕತ್ತೆ. ಅವರು ಕೇಳಿದರೆ ಈ ಕಾಗದದ ತಲೆಯ ಮೇಲೆ ಏನಿದೆಯೋ ಅದನ್ನೇ ಹೇಳು. ಕೋಣೆ ಒಂದೇ, ನಿಜ. ಬೆಳಗಿನ ಪಾಳಿಗೆ ಏಳುವಾಗ ನಿನ್ನನ್ನು ತುಳಿದರೆ ಬೈಯಬಾರದು. ಡಿಪೋ ಪಕ್ಕದ ಹೊಲಿಗೆ ಅಂಗಡಿಯವರಿಗೆ ನೀನು ಎಲ್ಲಿದ್ದೆ ಎಂದು ಮುಚ್ಚಿಡದೆ ಹೇಳಿದೆ. "ಕೈ ಹೇಗಿದೆ?" ಎಂದು ಕೇಳಿದರು. ನೀಟಾಗಿದೆ ಎಂದೆ. ಬರಲಿ, ನೋಡೋಣ ಎಂದಿದ್ದಾರೆ. ಮೂರು ತೋಳಿನ ವಿಷಯ ಹೇಳಿಲ್ಲ.

ಮಡಚಿಟ್ಟ ಬಟ್ಟೆಗಳನ್ನೆಲ್ಲ ಮತ್ತೆ ಗೂಟಕ್ಕೆ ಹಾಕಿದ್ದೇನೆ. ಗುಂಡಿ ಶಾಲೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ, "ನಮ್ಮನೇಲಿ ಒಬ್ಬಮ್ಮ ಇದ್ದಾಳೆ, ಇನ್ನೊಬ್ಬಮ್ಮ ಬರ್ತಾ ಇದ್ದಾಳೆ," ಎಂದು. ಟೀಚರ್ ನನ್ನನ್ನು ಕರೆಸಿ ಕೇಳಿದರು. ಹೌದು ಎಂದೆ.

ಇನ್ನು ಮುಖ್ಯ ವಿಷಯ. ನಿನ್ನನ್ನು ಬಿಡುವ ದಿನ ನನಗೆ ರಜೆ ಸಿಗಲಿಲ್ಲ. ಕಾಡಿ ಬೇಡಿ, ನಿಮ್ಮ ಗೇಟಿನ ಮುಂದೆ ಹಾದುಹೋಗುವ ಬಸ್ಸಿಗೆ ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ. ಗುಂಡಿ ಮುಂದಿನ ಸೀಟಿನಲ್ಲಿ ಕೂತಿರುತ್ತಾಳೆ, ಪಕ್ಕದಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲವಂತೆ. ನಾನು ಡ್ಯೂಟಿಯಲ್ಲಿ ಬಸ್ಸು ಬಿಟ್ಟು ಇಳಿದು ಒಳಗೆ ಬರುವ ಹಾಗಿಲ್ಲ, ನೀನೇ ಹೊರಗೆ ಬಂದು ಹತ್ತಬೇಕು. ಅವರು ಸಹಿ ಗಿಹಿ ಎಂದು ತಡಮಾಡಿದರೂ ಗಾಬರಿಪಡಬೇಡ, ಓಡಬೇಡ. ಹಿಂದೆ ಕೂತವರು ಕೂಗಾಡುತ್ತಾರೆ, ಕೂಗಾಡಲಿ. ನೀನು ಹತ್ತಿ ಕೂರುವವರೆಗೆ ನಾನು ಸೀಟಿ ಊದುವುದಿಲ್ಲ.

ನಿನ್ನ ಅಕ್ಕ